ಕಡೆದ ಹಿಡಿಯ ಬಾಟಲಿ ಓಪನರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಲೇತ್‌ನಲ್ಲಿ ತೇಗದ ಹಿಡಿ ಕಡೆದು, ರೆಡಿಮೇಡ್ ಸ್ಟೀಲ್ ಓಪನರ್ ತಲೆಯನ್ನು ಎಪಾಕ್ಸಿ ಅಂಟಿನಿಂದ ಕೂರಿಸಿದ್ದೆ. ಎರಡೇ ತಿಂಗಳಿಗೆ ತಲೆ ಗಿರಗಿರನೆ ತಿರುಗುತ್ತಿದೆ. ಅಂಟು ಕಳಪೆಯೇ?
– ಓದುಗರು, ಶಿರಸಿ

ಉತ್ತರ: ಅಂಟನ್ನು ಬೈಯಬೇಡಿ. ತೇಗದೊಳಗೇ ಎಣ್ಣೆಯಂಶವಿದೆ. ಅಂಗಡಿಯಿಂದ ತಂದ ತಲೆಯ ಕಡ್ಡಿಗೂ (ಹಿಡಿಯ ತೂತಿಗೆ ಇಳಿಯುವ ಭಾಗ) ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರಬಹುದು. ಹೀಗೆ ಎರಡೂ ಕಡೆ ಜಿಡ್ಡಿದ್ದರೆ ಎಪಾಕ್ಸಿ ಮೇಲೆಮೇಲೆ ಒಣಗುತ್ತದೆಯೇ ಹೊರತು ಕಚ್ಚುವುದಿಲ್ಲ. ಕಡ್ಡಿಯನ್ನೂ ತೂತಿನ ಒಳಮೈಯನ್ನೂ ಅಸಿಟೋನ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಕಡ್ಡಿಯ ನುಣುಪು ಹೋಗುವಂತೆ 80 ನಂಬರಿನ ಎಮರಿ ಪೇಪರ್‌ನಿಂದ ಉಜ್ಜಿ, ಅರದಲ್ಲಿ ಮೂರ್ನಾಲ್ಕು ಅಡ್ಡಗೀರು ಹಾಕಿ. ಉದ್ದಕ್ಕೂ ಒಂದು ಗೀರು ಬೇಕೇಬೇಕು. ತೂತಿನ ತಳದಲ್ಲಿ ಸಿಕ್ಕಿಕೊಂಡ ಗಾಳಿ ಆ ದಾರಿಯಲ್ಲಿ ಹೊರಬರದಿದ್ದರೆ, ಅಂಟನ್ನೇ ಮೇಲಕ್ಕೆ ತಳ್ಳಿಬಿಡುತ್ತದೆ.

ತೂತು ಕಡ್ಡಿಗಿಂತ ಅರ್ಧ ಮಿ.ಮೀ. ದೊಡ್ಡದಿರಲಿ, ಆಳ 35–40 ಮಿ.ಮೀ. ಬಿಗಿಯಾಗಿ ಕೂತರೆ ಗಟ್ಟಿ ಎಂದುಕೊಳ್ಳುತ್ತೇವೆ, ಆದರೆ ಬಿಗಿ ತೂತಿನಲ್ಲಿ ಅಂಟು ಉಳಿಯುವುದೇ ಇಲ್ಲ. ಐದು ನಿಮಿಷಕ್ಕೆ ಗಟ್ಟಿಯಾಗುವ ಬಗೆ ಬೇಡ, ನಿಧಾನದ್ದನ್ನೇ ತನ್ನಿ. ಎರಡೂ ಟ್ಯೂಬಿನಿಂದ ಪ್ಯಾಕೆಟ್ಟಿನ ಮೇಲೆ ಬರೆದ ಅಳತೆಗೇ ತೆಗೆದು ಕಲಸಿ. ಮೊದಲು ಕಡ್ಡಿಚೂರಿನಿಂದ ತೂತಿನೊಳಗೆ ಬಳಿದು, ಆಮೇಲೆ ತಲೆಯನ್ನು ತಿರುಗಿಸುತ್ತಾ ಇಳಿಸಿ, 24 ಗಂಟೆ ಮುಟ್ಟದೆ ಬಿಡಿ.

ಇನ್ನೊಂದು ಅನುಮಾನವೂ ಇದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಕಡೆದ ಮರ ಬೇಸಿಗೆಗೆ ಕುಗ್ಗುತ್ತದೆ. ಮರದ ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ಮೂರು ವಾರ ತೂಕ ಕದಲದಿದ್ದರೆ ಒಣಗಿದೆ ಎಂದು ಲೆಕ್ಕ. ಹೊಸದಾಗಿ ಮಾಡುವಾಗ 38 ಮಿ.ಮೀ. ಚೌಕ, 120 ಮಿ.ಮೀ. ಉದ್ದದ ತುಂಡಿಗೆ ಮೊದಲು ತೂತು ಕೊರೆದು, ಆ ತೂತಿಗೇ ಲೇತ್‌ನ ಮೊನೆ ಕೊಟ್ಟು ಕಡೆಯಿರಿ. ಕಡೆದ ಮೇಲೆ ಕೊರೆದರೆ ತಲೆ ಒಂದು ಪಕ್ಕಕ್ಕೆ ವಾಲಬಹುದು. ತೂತಿನ ಸುತ್ತ 5 ಮಿ.ಮೀ. ಮರ ಉಳಿಯದಿದ್ದರೆ ಬಾಟಲಿ ಮೀಟುವಾಗ ಅಲ್ಲೇ ಸೀಳುತ್ತದೆ.

ಪ್ರಶ್ನೆ: ಚನ್ನಪಟ್ಟಣದ ಗೊಂಬೆಯಂತೆ ಆಲೆ ಮರಕ್ಕೆ ಅರಗಿನ ಬಣ್ಣ ಕೊಟ್ಟರೆ ಹಿಡಿ ಬಾಳುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: ಮರ ಸರಿ. ಆಲೆಯ ಎಳೆ ಸಣ್ಣದು, ಉಳಿಗೆ ಬೆಣ್ಣೆಯಂತೆ ಸಿಗುತ್ತದೆ. ಮೆದು ಮರವಾದ್ದರಿಂದ ತಿರುಪಿನ ತಲೆಗೆ ಮರದಲ್ಲೇ ನೇರವಾಗಿ ತಿರುಪಿನ ಗೀರು ಕೊರೆಯಬೇಡಿ, ಒಳಗೆ ತಿರುಪಿನ ಗೀರಿರುವ ಹಿತ್ತಾಳೆಯ ಕೊಳವೆ ಕೂರಿಸಿ. ಅರಗಿನ ಕಡ್ಡಿಯನ್ನು ತಿರುಗುವ ಹಿಡಿಗೆ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಹಬ್ಬುತ್ತದೆ, ಕೇದಗೆಯ ಒಣಗರಿ ಒತ್ತಿದರೆ ಮೈ ಸಮವಾಗಿ ಹೊಳಪು ಬರುತ್ತದೆ. ಬಣ್ಣ ತೇಪೆತೇಪೆಯಾಗಿ ಕೂತರೆ ಬಿಸಿ ಸಾಲದೆಂದು ತಿಳಿಯಿರಿ. ವೇಗ ಇಲ್ಲವೇ ಒತ್ತಡ ಹೆಚ್ಚಿಸಿ.

ತೊಡಕು ಬೇರೆಡೆ ಇದೆ. ಅರಗಿಗೆ ಮದ್ಯಸಾರ, ಸೋಪು, ಬಿಸಿನೀರು ಮೂರೂ ಆಗದು. ಸೋಡಾ, ಷರಬತ್ತಿನ ಬಾಟಲಿಗಾದರೆ ಚಿಂತೆಯಿಲ್ಲ. ಪಾರ್ಟಿಯಲ್ಲಿ ಬಿಯರ್, ವಿಸ್ಕಿ ಹತ್ತಿದ ಕೈಗಳ ನಡುವೆ ಓಡಾಡುವ ಓಪನರಿಗೆ ಅಗಸೆ ಎಣ್ಣೆಯೇ ವಾಸಿ. ತೆಳ್ಳಗೆ ಹಚ್ಚಿ, 15 ನಿಮಿಷಕ್ಕೆ ಹೆಚ್ಚಾದದ್ದನ್ನು ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಇನ್ನೊಂದು ಕೈ. ಹೀಗೆ ಮೂರು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಹೊನ್ನೆ ಮರ ನೋಡಲು ಚೆಂದ, ಆದರೆ ಒದ್ದೆ ಕೈಗೆ ಬಣ್ಣ ಬಿಡುತ್ತದೆ. ಹೊನ್ನೆ ಲೋಟದ ನೀರು ಕಂದಾಗುವುದನ್ನು ಕಂಡವರಿಗೆ ಹೇಳಬೇಕಿಲ್ಲ.

ಪ್ರಶ್ನೆ: ಲೋಹದ ತಲೆಯನ್ನೂ ನಾನೇ 3 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿಯಲ್ಲಿ ಕತ್ತರಿಸಿದೆ. ಮುಚ್ಚಳ ಏಳುವುದಿಲ್ಲ, ಜಾರುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಹಲ್ಲಿನ ತುದಿಯಿಂದ ಎದುರಿನ ಆನಿಕೆಯ (ಮುಚ್ಚಳದ ಮೇಲೆ ಊರುವ ಭಾಗ) ಅಂಚಿಗೆ ಎಷ್ಟಿದೆ, ಅಳೆಯಿರಿ. 21 ನೆರಿಗೆಯ ಮಾಮೂಲಿ ಕ್ರೌನ್ ಮುಚ್ಚಳದ ಅಗಲ ಸುಮಾರು 32 ಮಿ.ಮೀ. ಹಲ್ಲು ಒಂದು ಅಂಚಿನಡಿ ಸಿಕ್ಕಾಗ ಆನಿಕೆ ಮುಚ್ಚಳದ ನಡುವನ್ನು ಸ್ವಲ್ಪ ದಾಟಿ ಕೂರಬೇಕು, ಅಂದರೆ 20–22 ಮಿ.ಮೀ. ಅಂತರ 28 ದಾಟಿದರೆ ಆನಿಕೆ ಆಚೆಯಂಚಿನಿಂದ ಜಾರುತ್ತದೆ. 14ಕ್ಕಿಂತ ಕಡಿಮೆಯಾದರೆ ಮುಚ್ಚಳ ಮಡಿಚಿಕೊಳ್ಳುತ್ತದೆ. ಹಲ್ಲಿನ ತುದಿಯನ್ನು ಅರದಿಂದ ತುಸು ತೆಳುಮಾಡಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಗಾಜಿನ ಬಾಯಿಯಿಂದ ಚಕ್ಕೆ ಎಬ್ಬಿಸಿದರೆ ಚೂರು ಪಾನೀಯದೊಳಗೇ ಬೀಳುತ್ತದೆ.

ಪ್ರಶ್ನೆ: ಗೋಲಿ ಸೋಡಾ ಓಪನರನ್ನು ಬರೀ ಮರದಲ್ಲಿ ಕಡೆಯಬಹುದೇ?
– ಓದುಗರು, ತುಮಕೂರು

ಉತ್ತರ: ಧಾರಾಳವಾಗಿ. ಬಾಟಲಿ ಬಾಯಿಯ ಮೇಲೆ ಸಡಿಲವಾಗಿ ಕೂರುವ ಬಟ್ಟಲು, ನಡುವೆ ಒಂದು ಗೂಟ, ಅಷ್ಟೇ. ಗೂಟ ಬಾಯಿಯ ಒಳ ಅಗಲಕ್ಕಿಂತ 1–2 ಮಿ.ಮೀ. ಸಣ್ಣದಿರಲಿ. ಉದ್ದಕ್ಕೆ ಬಾಯಿಯಂಚಿನಿಂದ ಗೋಲಿಯ ತಲೆಗೆ ಎಷ್ಟು ಆಳವೋ ಅದಕ್ಕೆ 5 ಮಿ.ಮೀ. ಸೇರಿಸಿ. ಬಟ್ಟಲಿನ ಅಂಚಿಗೆ ಒಂದು ಗೀರು ಕೊಡುವುದನ್ನು ಮರೆಯಬೇಡಿ, ಗ್ಯಾಸಿಗೆ ದಾರಿ ಬೇಕು. ಗೂಟದ ಉದ್ದಕ್ಕೇ ಮರದ ಎಳೆ ಓಡುವಂತೆ ತುಂಡು ಆರಿಸಿ. ಎಳೆ ಅಡ್ಡ ಬಂದರೆ ಅಂಗೈಯಿಂದ ಗುದ್ದಿದ ಮೊದಲ ಏಟಿಗೇ ಗೂಟ ಮುರಿದು ಬಾಟಲಿಯ ಬಾಯಲ್ಲಿ ಉಳಿಯುತ್ತದೆ.