ಅದೇ ಎಣಿಕೆ ಅಲ್ಲ

ನಮಸ್ಕಾರ.

ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ, ಅಂದರೆ ಸೆಲ್ ಕಲ್ಚರ್‌ನಲ್ಲಿ ವೈರಸ್ ಎಷ್ಟಿದೆ ಎಂದು ಬೇಗ ಅಳೆಯುವ ವಿಧಾನಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಕನ್ನಡದಲ್ಲಿ ಇದನ್ನು ಬರೆಯುವವರು ಕಡಿಮೆ. ಇನ್ನು ಜಗಳ.

‘ಸಾಂದ್ರತಾ ಮಾಪನ ಪ್ರಕ್ರಿಯೆಯು ತ್ವರಿತಗೊಳಿಸಲ್ಪಟ್ಟಿದೆ.’ ಮನೆಯಲ್ಲಿ ಯಾರ ಹತ್ತಿರವಾದರೂ ಹೀಗೆ ಮಾತಾಡುತ್ತೀರಾ? ‘ಈಗ ಬೇಗ ಅಳೆಯಬಹುದು’ ಎಂದರೆ ಮುಗಿಯಿತು.

ಮುಂದಿನ ಸಾಲು: ‘ಹಳೆಯ ಪ್ಲಾಕ್ ವಿಧಾನಕ್ಕೆ ದಿನಗಟ್ಟಲೆ ಬೇಕು.’ ಅಷ್ಟೇನಾ? 1952ರಲ್ಲಿ ವಿಜ್ಞಾನಿ ರೆನಾಟೊ ಡಲ್ಬೆಕೊ ಪ್ರಾಣಿಗಳ ವೈರಸ್‌ಗೆ ಒಗ್ಗಿಸಿದ ವಿಧಾನ ಅದು. ವೈರಸ್ ದ್ರವವನ್ನು ಹತ್ತು ಪಟ್ಟು, ನೂರು ಪಟ್ಟು ಎಂದು ತೆಳು ಮಾಡುತ್ತಾ ಹೋಗಿ ಕೋಶಗಳ ಮೇಲೆ ಹಾಕಬೇಕು. ಮೇಲೆ ಅಗರ್ ಎಂಬ ಜೆಲ್ಲಿ ಸುರಿದರೆ ವೈರಸ್ ದೂರ ಹೋಗಲಾರದು, ಪಕ್ಕದ ಕೋಶವನ್ನಷ್ಟೇ ಕೊಲ್ಲುತ್ತದೆ. ಕೆಲವು ದಿನ ಬಿಟ್ಟು ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿದರೆ ನೇರಳೆ ಪ್ಲೇಟಿನಲ್ಲಿ, ಕೋಶ ಸತ್ತ ಕಡೆ, ಬಿಳಿ ತೂತುಗಳು. ಅವೇ ಪ್ಲಾಕ್. ಎರಡು ವರ್ಷ ಲ್ಯಾಬಿನಲ್ಲಿದ್ದೆ ಎಂದು ಬರೆದಿದ್ದೀರಿ. ಆ ಪ್ಲೇಟು ಲೇಖನದಲ್ಲಿ ಎಲ್ಲಿ ಹೋಯಿತು?

ನನಗೆ ನಿಜವಾಗಿ ಸಿಟ್ಟು ಬಂದದ್ದು ಇದಕ್ಕೆ: ‘ಕ್ಯುಪಿಸಿಆರ್‌ನಿಂದ ಅದೇ ಎಣಿಕೆ ಕೆಲವೇ ಗಂಟೆಗಳಲ್ಲಿ ಸಿಗುತ್ತದೆ.’ ‘ಅದೇ’ ಅಲ್ಲ ಸ್ವಾಮಿ! ಪ್ಲಾಕ್ ವಿಧಾನ ಎಣಿಸುವುದು ಸೋಂಕು ತಗುಲಿಸಬಲ್ಲ ವೈರಸ್ಸನ್ನು. ವಂಶವಾಹಿಯ ತುಣುಕನ್ನು ಯಂತ್ರದಲ್ಲಿ ಪಟ್ಟು ಪಟ್ಟು ಹೆಚ್ಚಿಸಿ ಅಳೆಯುವ ಈ ಪಿಸಿಆರ್ ಎಣಿಸುವುದು ವಂಶವಾಹಿಯ ಪ್ರತಿಗಳನ್ನು, ವೈರಸ್ ಕೆಟ್ಟಿದ್ದರೂ ಸರಿ. ಹಂಚಿದ ಲಗ್ನಪತ್ರಿಕೆ ಎಣಿಸಿ ಊಟಕ್ಕೆ ಕೂತವರ ಲೆಕ್ಕ ಹೇಳಿದ ಹಾಗಾಯಿತು. ಸೋಂಕು ತಗುಲಿದ ಕೋಶಕ್ಕೆ ಆಂಟಿಬಾಡಿಯಿಂದ ಬಣ್ಣ ಹಚ್ಚುವ ಫೋಕಸ್ ವಿಧಾನದಲ್ಲಿ ತೂತು ಬೀಳುವ ತನಕ ಕಾಯಬೇಕಿಲ್ಲ. ಎಷ್ಟೋ ವೈರಸ್‌ಗಳಿಗೆ ಒಂದೆರಡು ದಿನ ಸಾಕು, ಸೋಂಕಿನ ಲೆಕ್ಕವೂ ಉಳಿಯುತ್ತದೆ. ಅದನ್ನು ಕೊನೆಯಲ್ಲಿ ಅರ್ಧ ಸಾಲಿಗೆ ತಳ್ಳಿದ್ದೀರಿ.

ನಾನೂ ಹೀಗೇ ಶುರು ಮಾಡಿದವನು. ಹಾಲಿನ ಬ್ಯಾಕ್ಟೀರಿಯಾ ಬಗ್ಗೆ ಮೊದಲ ಲೇಖನ ಬರೆದು ಬಸವನಗುಡಿಯಲ್ಲಿದ್ದ ಸಂಪಾದಕರಿಗೆ ಕೊಟ್ಟೆ. ಅರ್ಧ ಪುಟ ಓದಿ, ‘ಇದನ್ನ ನೀನು ನೋಡಿದ್ದೀಯೇನಯ್ಯಾ?’ ಎಂದರು. ನೋಡಿರಲಿಲ್ಲ. ಮಾರನೇ ದಿನ ಪರಿಚಯದವರ ಲ್ಯಾಬಿಗೆ ಹೋಗಿ ಪ್ಲೇಟ್ ಹಿಡಿದು ಬ್ಯಾಕ್ಟೀರಿಯಾ ಗುಂಪುಗಳನ್ನು ಎಣಿಸಲು ಕೂತೆ. ಎಂಬತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು, ಮತ್ತೆ ತಪ್ಪಿತು. ಅಲ್ಲಿನ ಹುಡುಗಿಯೊಬ್ಬಳು ನಗುತ್ತಾ ಮಾರ್ಕರ್ ಕೊಟ್ಟು, ‘ಎಣಿಸಿದ್ದಕ್ಕೆ ಕೆಳಗಡೆ ಒಂದು ಚುಕ್ಕೆ ಇಡಿ ಸಾರ್’ ಎಂದಳು. ಆ ಚುಕ್ಕೆಯಿಂದಲೇ ನನ್ನ ಲೇಖನ ಶುರುವಾಯಿತು.

ತಿದ್ದಿ ಮತ್ತೆ ಕಳಿಸಿ, ಪಿಸಿಆರ್ ಸಾಲನ್ನಂತೂ ಮೊದಲು ಸರಿಮಾಡಿ. ಪ್ಲೇಟಿನ ಬೆನ್ನಿಗೆ ಚುಕ್ಕೆ ಇಡುವಾಗ ನಿಮ್ಮ ಕೈಯಲ್ಲಿ ಯಾವ ಬಣ್ಣದ ಮಾರ್ಕರ್ ಇತ್ತು ಅಂತಲೂ ಬರೆಯಿರಿ.