ಕಿಟಕಿ ಕ್ಲೀನಿಂಗ್ ಕೆಲಸಕ್ಕೆ ಹೊಸ ಗಿರಾಕಿಗಳು ಎಲ್ಲಿ ಸಿಗುತ್ತಾರೆ?

ನಮಸ್ಕಾರ. ಬೆಂಗಳೂರಿನ ನಾಗರಬಾವಿಯಲ್ಲಿ ನೀವೂ ನಿಮ್ಮ ತಮ್ಮನೂ ಸೇರಿ ಕಿಟಕಿ ಕ್ಲೀನಿಂಗ್ ಶುರು ಮಾಡಿ ನಾಲ್ಕು ತಿಂಗಳಾಗಿದೆ. 2,000 ಪಾಂಪ್ಲೆಟ್ ಹಂಚಿದರೂ ಅದರಿಂದ ಬಂದಿದ್ದು ಮೂರೇ ಕೆಲಸ. ಇದುವರೆಗೆ ಒಟ್ಟು 11 ಮನೆ ಆಗಿದೆ. ಹೊಸ ಗಿರಾಕಿಗಳನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ನನ್ನ ಭಾವಮೈದುನನೂ ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇವೆ, ಬನಶಂಕರಿ, ಉತ್ತರಹಳ್ಳಿ, ಕನಕಪುರ ರಸ್ತೆ ಕಡೆ. ನಿಮ್ಮ ಪ್ರಶ್ನೆ ಓದಿ ನಮ್ಮ ಮೊದಲ ವರ್ಷ ನೆನಪಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಗಿರಾಕಿಗಳನ್ನು ಊರೆಲ್ಲಾ ಹುಡುಕಬೇಡಿ. ನೀವು ಮುಗಿಸಿದ ಆ 11 ಮನೆಗಳ ಎದುರುಮನೆಯಲ್ಲಿ, ಪಕ್ಕದ ಮನೆಯಲ್ಲಿ, ಮೇಲಿನ ಮಹಡಿಯಲ್ಲಿ ಅವರು ಇದ್ದಾರೆ.

ಮೊದಲ ವರ್ಷ ನಾವು ಯಾರು ಕರೆದರೂ ಹೋಗುತ್ತಿದ್ದೆವು. ಬೆಳಗ್ಗೆ ಯಲಹಂಕ, ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿ. ಸ್ಕೂಟರಿನಲ್ಲಿ ಮುಂದೆ ಬಕೆಟ್, ಹಿಂದೆ ಕೂತವನ ಕೈಯಲ್ಲಿ ಉದ್ದದ ಕೋಲು. ದಿನದ ಅರ್ಧ ರಸ್ತೆಯಲ್ಲೇ ಹೋಗುತ್ತಿತ್ತು. ಸಂಜೆ ಪೆಟ್ರೋಲ್ ಖರ್ಚು ಕಳೆದರೆ ಇಬ್ಬರಿಗೂ ಕೂಲಿ ಗಿಟ್ಟುತ್ತಿರಲಿಲ್ಲ. ಒಂದು ದಿನ ಪದ್ಮನಾಭನಗರದಲ್ಲಿ ಒಂದು ಮನೆಯ ಮುಂಭಾಗದ ಕಿಟಕಿ ಮಾಡುತ್ತಿದ್ದೆವು. ಎದುರುಮನೆ ಅಮ್ಮ ಗೇಟಿನ ಹತ್ತಿರ ಬಂದು ನಿಂತು ಸುಮಾರು ಹೊತ್ತು ನೋಡಿದರು. ಆಮೇಲೆ, "ನಮ್ಮನೆ ಗಾಜು ಎಷ್ಟು ಒರೆಸಿದರೂ ಹಂಗೆ ಕಾಣಲ್ವಲ್ಲಪ್ಪಾ?" ಅಂತ ಕೇಳಿದರು. ಅವತ್ತೇ ಸಂಜೆ ಅವರ ಮನೆ ಮಾಡಿದೆವು. ಎರಡು ತಿಂಗಳಲ್ಲಿ ಆ ಒಂದೇ ರಸ್ತೆಯಲ್ಲಿ ಆರು ಮನೆ ಆಯಿತು. ಆ ಆರು ಮನೆಗೆ ನಾವು ಒಂದು ರೂಪಾಯಿ ಜಾಹೀರಾತಿಗೆ ಖರ್ಚು ಮಾಡಿರಲಿಲ್ಲ.

ಅಂದಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇವೆ. ಒಂದು ಮನೆ ಮುಗಿದ ತಕ್ಷಣ ಸಾಮಾನು ಪ್ಯಾಕ್ ಮಾಡುವುದಿಲ್ಲ. ಎಡಗಡೆ ಒಂದು, ಬಲಗಡೆ ಒಂದು, ಎದುರು ಎರಡು, ಒಟ್ಟು ನಾಲ್ಕು ಮನೆ ಬೆಲ್ ಮಾಡುತ್ತೇವೆ. ಕೈಯಲ್ಲಿ ಬಕೆಟ್, ವೈಪರ್ ಇರಬೇಕು. ಹೇಳುವುದು ಇಷ್ಟೇ: "ಅಮ್ಮಾ, ಎದುರುಮನೆ ಕಿಟಕಿ ಈಗ ತಾನೇ ಮುಗಿಸಿದ್ವಿ, ಇಲ್ಲಿಂದಲೇ ಕಾಣುತ್ತೆ ನೋಡಿ. ನಿಮ್ಮದು ಒಂದು ಗಾಜು ಮಾಡಿ ತೋರಿಸ್ತೀವಿ, ದುಡ್ಡು ಬೇಡ." ಎಷ್ಟೋ ಜನ ಬೇಡ ಅನ್ನುತ್ತಾರೆ. ನಕ್ಕು, ಥ್ಯಾಂಕ್ಸ್ ಹೇಳಿ ಬರಬೇಕು. ಒಪ್ಪಿದವರ ಮನೆಯಲ್ಲಿ ಬಿಸಿಲು ಬೀಳುವ ಕಿಟಕಿಯನ್ನೇ ಆರಿಸಿ. ಸ್ಲೈಡಿಂಗ್ ಆದರೆ ಒಂದು ಬಾಗಿಲು ಮಾತ್ರ ಮಾಡಿ, ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಪಕ್ಕಪಕ್ಕ ನೋಡಿದ ಮೇಲೆ ನೀವು ಮಾತಾಡುವ ಅಗತ್ಯವೇ ಜಾಸ್ತಿ ಇರುವುದಿಲ್ಲ.

ಇನ್ನು ಗಿರಾಕಿ ದುಡ್ಡು ಕೊಡುವುದು ಯಾವುದಕ್ಕೆ ಅನ್ನುವುದು ನಿಮಗೆ ಸರಿಯಾಗಿ ಗೊತ್ತಿರಬೇಕು. ಧೂಳು ಒರೆಸುವುದಕ್ಕೆ ಅಲ್ಲ. ಅದನ್ನು ಮನೆಯವರೋ ಮನೆಕೆಲಸದವರೋ ಮಾಡಿಕೊಳ್ಳುತ್ತಾರೆ. ನಿಮ್ಮ ಪಾಂಪ್ಲೆಟಿನಲ್ಲಿ "ಕಿಟಕಿ ಸ್ವಚ್ಛ ಮಾಡಿಕೊಡಲಾಗುವುದು" ಅಂತ ಇದ್ದರೆ ಓದಿದವರಿಗೆ ಅದು ತಮ್ಮ ಕಷ್ಟ ಅಂತ ಅನಿಸುವುದೇ ಇಲ್ಲ. ಅವರ ಕೈಲಾಗದ ಕೆಲಸಗಳು ಬೇರೆ. ಗಾಜಿನ ಹೊರಮೈ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಜಾರುವ ಟ್ರ್ಯಾಕಿನಲ್ಲಿ ಗಟ್ಟಿಯಾದ ಮಣ್ಣು, ಸೊಳ್ಳೆ ಮೆಶ್‌ನಲ್ಲಿ ಕೂತ ಜಿಡ್ಡು, ಗಾಜಿನ ಮೇಲಿನ ಪೇಂಟ್ ಹನಿ, ಪಾರಿವಾಳದ ಹಿಕ್ಕೆ. ಎಲ್ಲಕ್ಕಿಂತ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ.

ಈ ಬಿಳಿ ಕಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಅರ್ಧ ಗಿರಾಕಿಗಳು ಇದರಿಂದಲೇ ಬಂದವರು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಹನಿ ಒಣಗಿದಾಗ ನೀರು ಆವಿಯಾಗುತ್ತದೆ, ಅವು ಗಾಜಿಗೆ ಅಂಟಿಕೊಳ್ಳುತ್ತವೆ. ಸೋಪು ಹಾಕಿ ತಿಕ್ಕಿದರೆ ಹೋಗುವುದಿಲ್ಲ. ಬಾತ್‌ರೂಮಿನ ಗಾಜಿನ ಪಾರ್ಟಿಶನ್ ನೋಡಿ, ಮನೆ ಕಟ್ಟಿ ಎರಡೇ ವರ್ಷಕ್ಕೆ ಮಂಜು ಕವಿದ ಹಾಗೆ ಆಗಿರುತ್ತದೆ. ಮನೆಯವರು ದಿನಾ ಅದನ್ನು ನೋಡುತ್ತಾರೆ, ದಿನಾ ಬೇಜಾರು ಮಾಡಿಕೊಳ್ಳುತ್ತಾರೆ. ಅಂಥವರಿಗೆ ಆ ಪಾರ್ಟಿಶನ್ ಒಂದನ್ನು ತಿಳಿ ಮಾಡಿಕೊಟ್ಟರೆ ಮನೆಯ ಅಷ್ಟೂ ಕಿಟಕಿ ನಿಮ್ಮ ಕೈಗೆ ಬರುತ್ತದೆ. ನಾವು ಜೇಬಿನಲ್ಲಿ ಒಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವುದು) ಇಟ್ಟುಕೊಂಡಿರುತ್ತೇವೆ, ಪೆನ್ನಿನಷ್ಟೇ ಇರುತ್ತದೆ. ಅವರ ನಲ್ಲಿ ನೀರನ್ನೇ ಲೋಟಕ್ಕೆ ಹಿಡಿದು ತೋರಿಸುತ್ತೇವೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಮೀಟರಿನ ಅಂಕಿ ಅದನ್ನು ದಾಟಿದ್ದರೆ ಕಲೆ ಯಾಕೆ ಮತ್ತೆ ಮತ್ತೆ ಬರುತ್ತದೆ ಅಂತ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಕೊನೇ ಕೈ ಒರೆಸುವುದಕ್ಕೆ ಆರ್‌ಓ ನೀರು ಬಳಸಿ, ಅದನ್ನೂ ಅವರಿಗೆ ಹೇಳಿ. ಸ್ನಾನ ಆದ ಮೇಲೆ ಗಾಜಿನ ಮೇಲೆ ಒಂದು ಸಲ ವೈಪರ್ ಎಳೆಯಿರಿ ಅಂತಲೂ ಹೇಳಿಕೊಡಿ. ಹೀಗೆ ಹೇಳಿಕೊಟ್ಟರೆ ಕೆಲಸ ಕಮ್ಮಿಯಾಗುತ್ತದೆ ಅಂತ ನನ್ನ ಭಾವಮೈದುನ ಮೊದಲು ಹೆದರಿದ್ದ. ಕಮ್ಮಿಯಾಗಲಿಲ್ಲ. ನಿಜ ಹೇಳುವವರು ಅಂತ ಜನ ಅಕ್ಕಂದಿರ ಮನೆಗೆ, ಆಫೀಸಿನ ಸ್ನೇಹಿತರ ಮನೆಗೆ ನಮ್ಮನ್ನು ಕಳಿಸಿದರು.

ಒಂದು ಎಚ್ಚರಿಕೆ. ಈ ಕಲೆ ತೆಗೆಯುವುದಕ್ಕೆ ಸಿಟ್ರಿಕ್ ಆಸಿಡ್, ವಿನಿಗರ್ ಥರದ ಹುಳಿ ಬೇಕು. ಅದು ಮಾರ್ಬಲ್ ಮೇಲೆ ಬಿದ್ದರೆ ಹೊಳಪು ಹೋಗುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಸಿ, ಟವೆಲ್ ಇಟ್ಟೇ ಶುರು ಮಾಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಲೇಬೇಡಿ, ಅಲ್ಯುಮಿನಿಯಂ ಚೌಕಟ್ಟು ಹಾಳಾಗುತ್ತದೆ. ಕಲೆ ಕೆರೆಯಲು ಬ್ಲೇಡ್ ಹಾಕುವ ಮುಂಚೆ ಗಾಜಿಗೆ ಫಿಲ್ಮ್ ಅಂಟಿಸಿದ್ದಾರಾ ಅಂತ ಕೇಳಿ. ನಾನು ಎರಡನೇ ವರ್ಷ ಕೇಳದೆ ಬ್ಲೇಡ್ ಎಳೆದು, ಬಿಸಿಲು ತಡೆಯುವ ಫಿಲ್ಮ್ ಹರಿದಿದ್ದೆ. ಹೊಸ ಫಿಲ್ಮ್ ನನ್ನ ದುಡ್ಡಿನಲ್ಲೇ ಹಾಕಿಸಿಕೊಟ್ಟೆ. ಆ ಮನೆಯವರು ಇವತ್ತಿಗೂ ನಮ್ಮ ಗಿರಾಕಿಗಳು.

ನೀವು ಎರಡು ತಿಂಗಳು ಪಾಂಪ್ಲೆಟ್ ಹಂಚಿದ ಕಷ್ಟ ನನಗೆ ಗೊತ್ತು. ಆದರೆ ಅದಕ್ಕಿಂತ ಬೇಗ ಫಲ ಕೊಡುವುದು ನಮಗಿಂತ ಮುಂಚೆ ಆ ಮನೆಗೆ ಹೋಗುವ ಕಸುಬಿನವರು. ಪೇಂಟರ್ ಮೇಸ್ತ್ರಿ, ಇಂಟೀರಿಯರ್ ಕಾಂಟ್ರಾಕ್ಟರ್, ಯುಪಿವಿಸಿ ಕಿಟಕಿ ಕೂರಿಸುವವರು, ಮೆಶ್ ಹಾಕುವವರು, ಕರ್ಟನ್ ಅಂಗಡಿಯವರು. ಪೇಂಟಿಂಗ್ ಮುಗಿದ ದಿನ ಗಾಜಿನ ಮೇಲೆ ಹನಿ ಇರುತ್ತದೆ, ಮನೆಯವರು ಮೇಸ್ತ್ರಿ ಮೇಲೆ ರೇಗುತ್ತಾರೆ. ಅವರಿಗೂ ಆ ತಲೆನೋವು ಬೇಡ. ನಾಗರಬಾವಿ ಸುತ್ತಮುತ್ತ ನಾಲ್ಕೈದು ಪೇಂಟಿಂಗ್ ಮೇಸ್ತ್ರಿಗಳ ಪರಿಚಯ ಮಾಡಿಕೊಳ್ಳಿ. ಪೇಂಟ್ ಅಂಗಡಿಯಲ್ಲಿ ಬೆಳಗ್ಗೆ ಎಂಟೂವರೆ, ಒಂಬತ್ತಕ್ಕೆ ನಿಂತರೆ ಅಲ್ಲೇ ಸಿಗುತ್ತಾರೆ. ಮೊದಲ ಕೆಲಸ ಅವರ ರೇಟಿಗೇ ಮಾಡಿಕೊಡಿ, ಹೇಳಿದ ಟೈಮಿಗೆ ಹೋಗಿ. ಪೇಂಟಿಂಗ್ ಕೆಲಸ ಕೇಳುವವರು ನಿಮಗೆ ಸಿಕ್ಕರೆ ನೀವೂ ಅವರ ಹತ್ತಿರ ಕಳಿಸಿ. ಈ ಕೊಡುಕೊಳ್ಳುವಿಕೆ ನಿಂತರೆ ಸಂಬಂಧವೂ ನಿಲ್ಲುತ್ತದೆ.

ಬಾಡಿಗೆ ಮನೆ ಖಾಲಿ ಮಾಡುವವರನ್ನೂ ಮರೆಯಬೇಡಿ. ಪೇಂಟಿಂಗ್, ಕ್ಲೀನಿಂಗ್ ಅಂತ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ಮಾಮೂಲು. ಹಾಗಾಗಿ ಮನೆ ಮಾಲೀಕರು, ಬಾಡಿಗೆದಾರರು, ಬ್ರೋಕರ್, ಮೂವರಿಗೂ ನಿಮ್ಮ ನಂಬರ್ ಬೇಕು. ಮಕ್ಕಳ ಸ್ಕೂಲ್ ರಜೆ ಇರುವ ಏಪ್ರಿಲ್, ಮೇನಲ್ಲಿ ಮನೆ ಬದಲಾಯಿಸುವವರು ಜಾಸ್ತಿ.

ತಿಂಗಳ ಲೆಕ್ಕ ಹೇಳುವಾಗ ಹಬ್ಬದ ಲೆಕ್ಕವೂ ಹೇಳಬೇಕು. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಕೆಲಸ ತೆಳು. ಶ್ರಾವಣ ಹುಟ್ಟಿದರೆ ವರಮಹಾಲಕ್ಷ್ಮಿ, ಆಮೇಲೆ ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಫೋನ್ ಬಿಡುವೇ ಕೊಡುವುದಿಲ್ಲ. ರಂಜಾನ್ ಮತ್ತು ಕ್ರಿಸ್‌ಮಸ್‌ಗೆ ಮುಂಚೆಯೂ ಹಾಗೇ, ಆ ಮನೆಗಳಿಗೆ ಎರಡು ವಾರ ಮೊದಲೇ ಫೋನ್ ಮಾಡಿ. ಇನ್ನೊಂದು ಸಮಯ ಬೇಸಿಗೆಯ ಮೊದಲ ಮಳೆ. ಮಾರ್ಚಿನಿಂದ ಕೂತ ಕೆಂಧೂಳಿನ ಮೇಲೆ ಅಶ್ವಿನಿ, ಭರಣಿ ಮಳೆ ನಾಲ್ಕು ಹನಿ ಬಿದ್ದರೆ ಗಾಜಿನ ಮೇಲೆಲ್ಲಾ ಕೆಸರಿನ ಗೆರೆ. ಮಾರನೇ ದಿನ ಬೆಳಗ್ಗೆ ಹಳೇ ಗಿರಾಕಿಗಳಿಗೆ ಒಂದು ಮೆಸೇಜ್ ಹಾಕಿದರೆ ಆ ವಾರ ಪೂರ್ತಿ ಕೆಲಸ.

ಮೆಸೇಜ್ ವಿಷಯದಲ್ಲಿ ಒಂದು ಮುಖ್ಯ ಮಾತು. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದ್ದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ನಾವು ಇದು ತಿಳಿಯದೆ ಒಂದು ದೀಪಾವಳಿ ಪೂರ್ತಿ ಯಾರೂ ಉತ್ತರ ಕೊಡುತ್ತಿಲ್ಲ ಅಂತ ಕೊರಗಿದ್ದೆವು. ಈಗ ಕೆಲಸ ಮುಗಿಸಿ ದುಡ್ಡು ತಗೊಳ್ಳುವಾಗ, "ಮೇಡಂ, ಕಿಟಕಿ ಕ್ಲೀನಿಂಗ್ ಅಂತ ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಅಲ್ಲೇ ನಿಂತು ಹೇಳುತ್ತೇವೆ. ಹೆಸರು ನೆನಪಿರದಿದ್ದರೂ "ಕಿಟಕಿ" ಅಂತ ಹುಡುಕಿದರೆ ನಾವು ಸಿಗುತ್ತೇವೆ. ಒಂದು ನೋಟ್‌ಬುಕ್ಕಿನಲ್ಲಿ ಮನೆ, ತಾರೀಖು, ಎಷ್ಟು ಕಿಟಕಿ, ಯಾವ ನೀರು ಅಂತ ಬರೆದಿಡಿ. ನಾಲ್ಕು ತಿಂಗಳಿಗೆ ಸರಿಯಾಗಿ ಫೋನ್ ಮಾಡಿ. ಎರಡನೇ ಸಲ ಯಾಕೆ ಕರೆಯಲಿಲ್ಲ ಅಂತ ಕಾಯುವ ಬದಲು ನೀವೇ ಕೇಳಬೇಕು. ಜನಕ್ಕೆ ಮರೆತುಹೋಗಿರುತ್ತದೆ, ಅಷ್ಟೇ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಇವತ್ತೇ ಮಾಡಿ, ಅದು ಫ್ರೀ. ಮನೆಯಿಂದಲೇ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು, ಯಾವ್ಯಾವ ಏರಿಯಾಗೆ ಹೋಗುತ್ತೀರಿ ಅಂತ ಮಾತ್ರ ತೋರಿಸಬಹುದು. ಮನೆಯವರ ಒಪ್ಪಿಗೆ ಕೇಳಿ, ಒಂದೇ ಕಿಟಕಿಯ ಮುಂಚಿನ, ಆಮೇಲಿನ ಫೋಟೋ ಹಾಕಿ. ರಿವ್ಯೂ ಬರೆದರೆ ಡಿಸ್ಕೌಂಟ್ ಅಂತ ಆಸೆ ತೋರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸುಮ್ನೆ ಕೇಳಿದರೆ ಸಾಕು, ಖುಷಿಯಾದವರು ಬರೆಯುತ್ತಾರೆ. ಗಿರಾಕಿಗಳ ನಂಬರ್ ಮಾರುವ ವೆಬ್‌ಸೈಟುಗಳಿಗೆ ದುಡ್ಡು ಕಟ್ಟುವುದನ್ನು ನಾನು ಬೇಡ ಅನ್ನುತ್ತೇನೆ. ನಾವು ಒಂದಕ್ಕೆ ಆರು ತಿಂಗಳು ಕಟ್ಟಿದೆವು. ಒಂದೇ ನಂಬರನ್ನು ನಮ್ಮಂಥ ಹಲವರಿಗೆ ಕೊಟ್ಟಿರುತ್ತಿದ್ದರು. ಕೊನೆಗೆ ಯಾರು ಕಮ್ಮಿ ರೇಟ್ ಹೇಳುತ್ತಾರೋ ಅವರಿಗೆ ಕೆಲಸ.

ಅಪಾರ್ಟ್‌ಮೆಂಟಿಗೆ ದಾರಿ ಬೇರೆ. ಅಲ್ಲಿ ಬಾಗಿಲು ಬಡಿಯಲು ಸೆಕ್ಯೂರಿಟಿ ಬಿಡುವುದಿಲ್ಲ, ಬಿಡಬಾರದು ಕೂಡ. ಒಳಗಿನ ಒಂದು ಮನೆಯ ಕೆಲಸ ಮೊದಲು ಸಿಗಲಿ. ಅವರನ್ನು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಫೋಟೋ ಹಾಕಿ ಅಂತ ಕೇಳಿಕೊಳ್ಳಿ. ಆಮೇಲೆ ಅಸೋಸಿಯೇಷನ್ ಮ್ಯಾನೇಜರನ್ನು ಭೇಟಿ ಮಾಡಿ. ಕೈಯಲ್ಲಿ ಒಂದು ಫೈಲ್ ಇರಲಿ: ಇಬ್ಬರ ಆಧಾರ್ ಪ್ರತಿ, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ, ಇದಕ್ಕೆ ಸರ್ಕಾರಿ ಪೋರ್ಟಲಿನಲ್ಲಿ ಫೀಸ್ ಇಲ್ಲ), ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್ ಮೂಲಕ ಪಡೆದ ಪೊಲೀಸ್ ವೆರಿಫಿಕೇಶನ್, ರೇಟ್ ಕಾರ್ಡ್. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ನಿಮಗೆ ಜಿಎಸ್‌ಟಿ ನೋಂದಣಿ ಬೇಡ, ಕೇಳಿದರೆ ಧೈರ್ಯವಾಗಿ ಹೇಳಿ. ಒಂದೇ ಶನಿವಾರ ಐದು ಫ್ಲಾಟ್ ಸೇರಿದರೆ ರೇಟ್ ಸ್ವಲ್ಪ ಕಮ್ಮಿ ಮಾಡುತ್ತೇವೆ ಅಂದರೆ ಅವರೇ ಪಕ್ಕದವರನ್ನು ಸೇರಿಸುತ್ತಾರೆ.

ಆದರೆ ಗ್ರಿಲ್ ಇಲ್ಲದ ಎತ್ತರದ ಫ್ಲಾಟಿನಲ್ಲಿ ಹೊರಗಿನ ಸಜ್ಜೆ (ಗೋಡೆಯಿಂದ ಚಾಚಿದ ಚಪ್ಪಡಿ) ಮೇಲೆ ಇಳಿದು ಒರೆಸಿ ಅಂತ ಯಾರಾದರೂ ಹೇಳಿದರೆ, ಎಷ್ಟೇ ದುಡ್ಡು ಕೊಟ್ಟರೂ ಬೇಡ. ಒಳಗಿಂದ ಕೋಲಿಗೆ ಎಟುಕಿದಷ್ಟು ಮಾಡುತ್ತೇವೆ, ಉಳಿದದ್ದು ಹಗ್ಗ ಕಟ್ಟಿ ಇಳಿಯುವ ತರಬೇತಿ ಇರುವವರ ಕೆಲಸ ಅಂತ ನಾವು ಹೇಳಿಬಿಡುತ್ತೇವೆ. ಕೆಲವು ಕೆಲಸ ಹೋಗಿದೆ, ಹೋಗಲಿ. ನಿಮ್ಮ ಜೊತೆ ಕೆಲಸ ಮಾಡುವುದು ನಿಮ್ಮ ತಮ್ಮ. ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿಗೆ ಸಿಗುತ್ತದೆ, 2 ಲಕ್ಷದ ಅಪಘಾತ ವಿಮೆ. ಇಬ್ಬರೂ ಮಾಡಿಸಿ.

ಅಂಗಡಿಗಳ ಬಗ್ಗೆ ಎರಡು ಮಾತು. ಕನ್ನಡಕದ ಅಂಗಡಿ, ಡೆಂಟಲ್ ಕ್ಲಿನಿಕ್, ಬೇಕರಿ, ಬೂಟಿಕ್, ಇವರ ಗಾಜಿನ ಬಾಗಿಲ ಮೇಲೆ ದಿನಾ ಕೈ ಗುರುತು. ವಾರಕ್ಕೊಮ್ಮೆ, ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹತ್ತು ನಿಮಿಷದ ಕೆಲಸ. ಸಿಗುವ ದುಡ್ಡು ಸಣ್ಣದು, ಆದರೆ ಒಂದೇ ರಸ್ತೆಯಲ್ಲಿ ಎಂಟು ಅಂಗಡಿ ಆದರೆ ಆಷಾಢದಲ್ಲೂ ಮನೆ ಬಾಡಿಗೆ ಹುಟ್ಟುತ್ತದೆ.

ಈಗ ಆಷಾಢವೇ ನಡೆಯುತ್ತಿದೆ. ವರಮಹಾಲಕ್ಷ್ಮಿಗೆ ಇನ್ನೂ ಸಮಯ ಇದೆ. ನಾಳೆ ಬೆಳಗ್ಗೆ ಆ 11 ಮನೆಗೂ ಫೋನ್ ಮಾಡಿ, "ಅವತ್ತು ಮಾಡಿದ ಗಾಜು ಹೇಗಿದೆ, ಏನಾದರೂ ಉಳಿದಿದ್ದರೆ ಬಂದು ಸರಿ ಮಾಡಿಕೊಡ್ತೀವಿ" ಅಂತ ಕೇಳಿ. ಯಾರಾದರೂ ಬನ್ನಿ ಅಂದರೆ ಬಕೆಟ್ ತಗೊಂಡು ಹೋಗಿ, ಬರುವಾಗ ನಾಲ್ಕು ಮನೆ ಬೆಲ್ ಮಾಡಿ ಬನ್ನಿ. ಎರಡು ವಾರ ಆದ ಮೇಲೆ ಏನಾಯಿತು ಅಂತ ಇಲ್ಲೇ ಬರೆಯಿರಿ, ನಿಮ್ಮ ಕಡೆ ಬೋರ್ ನೀರಿನ ಟಿಡಿಎಸ್ ಎಷ್ಟು ಬಂತು ಅಂತಲೂ ತಿಳಿಸಿ. ಅದನ್ನು ನೋಡಿಕೊಂಡು ಯಾವ ಕಲೆಗೆ ಹುಳಿ ಎಷ್ಟು ಬೆರೆಸಬೇಕು ಅಂತ ನಾನು ಹೇಳುತ್ತೇನೆ.