ಸಂಜೆ ಕುಡಿಯುವ ಆಸೆ ಬಂದಾಗ ಯಾವ ವಚನ ಹೇಳಿದರೆ ಸೈತಾನ ಓಡಿಹೋಗುತ್ತಾನೆ?

ಕುಡಿತ ಬಿಟ್ಟು ಮೂರು ತಿಂಗಳಾಯಿತು, ಸಂಜೆ ವೈನ್ ಶಾಪ್ ಮುಂದೆ ಹಾದು ಬರುವಾಗ ಹೇಳಿಕೊಳ್ಳಲು ಒಂದು ಬೈಬಲ್ ವಚನ ಬೇಕು ಅಂತ ಕೇಳಿದ್ದೀರಿ. ಬ್ರದರ್, ಆ ರಸ್ತೆಯಲ್ಲಿ ಯಾಕೆ ಬರುತ್ತೀರಿ?

ನಾನೂ ಬರುತ್ತಿದ್ದೆ. ಬಸ್ ಸ್ಟಾಪಿನಿಂದ ಮನೆಗೆ ಎರಡು ದಾರಿ, ವೈನ್ ಶಾಪ್ ಇರುವ ದಾರಿ ಐದು ನಿಮಿಷ ಹತ್ತಿರ. ಬಾಯಲ್ಲಿ ಯಾಕೋಬ 4:7: ಸೈತಾನನನ್ನು ಎದುರಿಸಿರಿ, ಅವನು ಓಡಿಹೋಗುವನು. ಹನ್ನೊಂದು ವಾರ ಹಾಗೇ ದಾಟಿದೆ. ಹನ್ನೆರಡನೇ ವಾರದ ಶನಿವಾರ ಮಧ್ಯಾಹ್ನದ ಊಟ ತಪ್ಪಿತ್ತು, ಜೇಬಿನಲ್ಲಿ ಓಟಿ ದುಡ್ಡಿತ್ತು. ವಚನ ಬಾಯಲ್ಲಿರುವಾಗಲೇ ಕೌಂಟರಿನಲ್ಲಿ ಒಂದು ನೈಂಟಿ ಕೇಳಿದ್ದೆ.

ತಪ್ಪು ಎಲ್ಲಾಯಿತು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಆ ವಚನ ಶುರುವಾಗುವುದು "ದೇವರಿಗೆ ಒಳಗಾಗಿರಿ" ಅಂತ. ಅದನ್ನು ನಾನು ಹೇಳುತ್ತಲೇ ಇರಲಿಲ್ಲ. ಒಳಗಾಗುವುದೆಂದರೆ ಆತ ತೋರಿಸಿದ ದಾರಿ ಹಿಡಿಯುವುದು, ಆ ದಾರಿ ಜ್ಞಾನೋಕ್ತಿ 4:15ರಲ್ಲಿದೆ. ದುಷ್ಟರ ಮಾರ್ಗದ ಬಗ್ಗೆ ಅದು ಅನ್ನುವುದು: ಅದಕ್ಕೆ ದೂರವಾಗಿರು, ಓರೆಯಾಗಿ ಮುಂದೆ ನಡೆ. ಆ ಐದು ನಿಮಿಷದ ಸುತ್ತೇ ನನಗೆ ವಿಧೇಯತೆ ಆಗಬೇಕಿತ್ತು.

ಇನ್ನೂ ಕೆಟ್ಟದ್ದೇನೆಂದರೆ, ನಾನು ದಿನಾ ದೇವಾಲಯದ ಶಿಖರದ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಮತ್ತಾಯ 4ರಲ್ಲಿ ಸೈತಾನ ಯೇಸುವನ್ನು ಆ ಶಿಖರದ ಮೇಲೆ ನಿಲ್ಲಿಸುವ ಎರಡನೆಯ ಶೋಧನೆ ನೋಡಿ. "ಕೆಳಕ್ಕೆ ದುಮುಕು" ಅನ್ನುವ ಸೈತಾನನೂ ದೇವದೂತರು ನಿನ್ನನ್ನು ಕಾಯುವರು ಅನ್ನುವ ಕೀರ್ತನೆ 91ರ ವಚನವನ್ನೇ ಹೇಳುತ್ತಾನೆ. ಅದರಲ್ಲಿ "ನಿನ್ನ ಮಾರ್ಗದಲ್ಲೆಲ್ಲಾ" ಅನ್ನುವ ಮಾತನ್ನು ಮಾತ್ರ ನುಂಗಿಬಿಡುತ್ತಾನೆ. ಯೇಸು ಕೊಟ್ಟ ಉತ್ತರ ಧರ್ಮೋಪದೇಶಕಾಂಡ 6:16, ದೇವರನ್ನು ಪರೀಕ್ಷಿಸಬಾರದು. ವೈನ್ ಶಾಪ್ ಮುಂದೆ ಬೇಕೆಂದೇ ನಡೆದು, ಅರ್ಧ ವಚನ ಹೇಳಿ, ದೇವರು ಹಿಡಿದುಕೊಳ್ಳುತ್ತಾನೋ ನೋಡೋಣ ಅಂದುಕೊಳ್ಳುವುದು ದುಮುಕಿ ನೋಡುವ ಲೆಕ್ಕವೇ. ಯೋಸೇಫ ತನ್ನನ್ನು ಹಾಸಿಗೆಗೆ ಕರೆದ ಪೋಟೀಫರನ ಹೆಂಡತಿಯ ಮುಂದೆ ವಚನ ಹೇಳುತ್ತಾ ನಿಲ್ಲಲಿಲ್ಲ, ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ.

ಹಾಗಾಗಿ ಮೊದಲು ದಾರಿ ಬದಲಾಯಿಸಿ. ಬರೀ ನೋಟು ಮನೆಯಲ್ಲಿಟ್ಟರೆ ಸಾಲದು, ಕೌಂಟರಿನಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಯುಪಿಐ ಅಕೌಂಟಿನಲ್ಲಿ ಬಸ್ಸು, ಚಹಾದ ಖರ್ಚಿಗಾಗುವಷ್ಟೇ ಬಿಟ್ಟು ಉಳಿದದ್ದನ್ನು ಹೆಂಡತಿಯ ಅಕೌಂಟಿಗೆ ಹಾಕಿ. ಐದು ಗಂಟೆಗೆ ಎರಡು ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ ತಿನ್ನಿ. ನಗಬೇಡಿ. ಸೈತಾನನು ಯೇಸುವಿನ ಹತ್ತಿರ ರೊಟ್ಟಿಯ ಮಾತೆತ್ತಿದ್ದು 40 ದಿನದ ಉಪವಾಸದ ನಂತರ, ಹಸಿವಾದಾಗ. ಈಗಷ್ಟೇ ಬಿಟ್ಟವರಿಗೆ ಸಂಜೆಯ ಉಪವಾಸ ಪ್ರಾರ್ಥನೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಸಭೆಯಲ್ಲಿ ಯಾರೇನೇ ಅಂದರೂ.

ವಚನಗಳು ಬೇಕು, ಆದರೆ ಐದೇ ಸಾಕು. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಒಂದೊಂದು ಕೆಟ್ಟ ಆಲೋಚನೆಗೆ ಒಂದೊಂದು ವಚನ ಜೋಡಿಸಿ ಬರೆದಿಟ್ಟಿದ್ದ. ನೋಟ್‌ಬುಕ್ಕಿನಲ್ಲಿ ಹಾಗೇ ಮಾಡಿ: ಎಡಕ್ಕೆ ನಿಮ್ಮ ತಲೆಯಲ್ಲಿ ಓಡುವ ಮಾತು, ಬಲಕ್ಕೆ ಉತ್ತರ. "ಒಂದೇ ನೈಂಟಿ" ಎದುರಿಗೆ ಜ್ಞಾನೋಕ್ತಿ 23:31-32, ಕೊನೆಗೆ ಹಾವಿನಂತೆ ಕಚ್ಚುತ್ತದೆ. "ನನ್ನಿಂದ ಆಗಲ್ಲ" ಎದುರಿಗೆ 1 ಕೊರಿಂಥ 10:13. ಅದನ್ನು 14ರ ಜೊತೆಗೇ ಕಲಿಯಿರಿ. ತಪ್ಪಿಸಿಕೊಳ್ಳುವ ಮಾರ್ಗ ಇದೆ ಅಂದ ಮರುವಚನದಲ್ಲೇ ಆ ಪತ್ರ ಬರೆದ ಪೌಲ ಓಡಿಹೋಗಿರಿ ಅನ್ನುತ್ತಾನೆ, ಅಲ್ಲಿ ವಿಷಯ ವಿಗ್ರಹಾರಾಧನೆಯಾದರೂ. "ಹೇಗೂ ಬಿದ್ದಾಯಿತು, ಇನ್ನೊಂದು ಕುಡಿದರೇನು" ಅನ್ನುವುದಕ್ಕೆ ಜ್ಞಾನೋಕ್ತಿ 24:16, ನೀತಿವಂತ ಏಳು ಸಾರಿ ಬಿದ್ದರೂ ಏಳುತ್ತಾನೆ. ಆ ಶನಿವಾರ ನನ್ನ ಹತ್ತಿರ ಇದಿರಲಿಲ್ಲ, ನೈಂಟಿ ಕ್ವಾರ್ಟರ್ ಆಯಿತು. ಉಳಿದೆರಡನ್ನು ನಿಮ್ಮದೇ ಮಾತುಗಳಿಗೆ ಹುಡುಕಿಕೊಳ್ಳಿ. ಬೆಳಿಗ್ಗೆ, ಆಸೆ ಇಲ್ಲದಿರುವಾಗ, ಜೋರಾಗಿ ಓದಿ.

ಪ್ರಾರ್ಥನಾ ಕೂಟದಲ್ಲಿ "ನನ್ನ ಒಂದು ವಿಷಯಕ್ಕಾಗಿ ಪ್ರಾರ್ಥಿಸಿ" ಅನ್ನುವುದರಿಂದ ಪ್ರಯೋಜನವಿಲ್ಲ. ನಾನು ಎರಡು ವರ್ಷ ಅದನ್ನೇ ಅಂದೆ. ಯಾಕೋಬ 5:16 ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅನ್ನುತ್ತದೆ, ಅಂದರೆ ಹೆಸರಿಟ್ಟು ಹೇಳುವುದು. ಏಳು ಗಂಟೆಗೆ ಫೋನ್ ಎತ್ತುವ ಒಬ್ಬರಿಗೆ ಹೇಳಿ.

ಇದನ್ನು ಓದುವವರಲ್ಲಿ ಈಗಲೂ ದಿನಾ ಕುಡಿಯುವವರಿದ್ದರೆ, ಬೆಳಿಗ್ಗೆ ಕೈ ನಡುಗುತ್ತಿದ್ದರೆ, ಪ್ರಾರ್ಥಿಸಿ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಕೈಯಲ್ಲಿ ಮಾತ್ರೆ ಬರೆಸಿಕೊಂಡು ಬಿಡಿ, ಅದು ಅವಿಶ್ವಾಸವೇನಲ್ಲ.

ಇನ್ನೊಂದು, ಕರ್ತನ ಭೋಜನದ ದಿನ ಪಾತ್ರೆಯಲ್ಲಿ ವೈನೋ ಬರೀ ದ್ರಾಕ್ಷಿ ಜ್ಯೂಸೋ ಅಂತ ಹಿಂದಿನ ದಿನವೇ ಪಾಸ್ಟರನ್ನು ಕೇಳಿಕೊಳ್ಳಿ. ವೈನ್ ಆದರೆ ರೊಟ್ಟಿ ಮಾತ್ರ ತೆಗೆದುಕೊಳ್ಳುತ್ತೇನೆ ಅನ್ನಿ. ನಾನು ಹಾಗೇ ಮಾಡುತ್ತೇನೆ, ಇವತ್ತಿನವರೆಗೆ ಯಾರೂ ತಿರುಗಿ ನೋಡಿಲ್ಲ.